ಹಿಂಬಾಗಿಲಿನ ಸೊಪ್ಪು ಮತ್ತು ತಮ್ಮ ಸವಿಯಾದ ಪ್ರಶ್ನೆಗಳು

ಮಾನ್ಯ ಆಹಾರ ಮತ್ತು ಬೇಸಾಯ ನೀತಿ ನಿರ್ದೇಶಕರೇ,

ನನ್ನ ಮಗಳಿಗೆ ಮಾತನಾಡಲು ಕಲಿಸಿದವರು ತಾವು. ಕಲಿತದ್ದನ್ನು ಅವಳು ತಮ್ಮೆದುರೇ ಆಡಿದಳು. ಆಡಿದ ಮಾತನ್ನೇ ಸಾಕ್ಷಿ ಮಾಡಿಕೊಂಡು ತಾವು ಅವಳ ಸೋದರತ್ತೆಯ ಹೊಟ್ಟೆಯ ಮೇಲೆ ಹೊಡೆದಿರಿ. ಇಷ್ಟೇ ನನ್ನ ದೂರು. ಮುಂದೆ ಓದುವ ತಾಳ್ಮೆ ಇಲ್ಲದಿದ್ದರೆ ಇಲ್ಲಿಗೇ ಮಡಚಿಡಿ. ಉಳಿದವರು ಓದಲಿ ಎಂದೇ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ಹತ್ತಿರದ ಹೊಲದ ತರಕಾರಿ ಶಾಲೆಯ ಅಡುಗೆಮನೆಗೆ ಬರಬೇಕಾದರೆ ಯಾವ ನಿಯಮ ಬದಲಾಗಬೇಕು, ಅದನ್ನು ಅಧಿಕಾರಿಗಳ ಮುಂದೆ ಹೇಗೆ ಕೇಳಬೇಕು ಎಂದು ಕಲಿಸಲು ತಮ್ಮ ಇಲಾಖೆ ಶಿಬಿರ ನಡೆಸಿತು. ಎಂಥ ಘನಕಾರ್ಯ! ನನ್ನ ಮಗಳು ದಿನಾ ಸಂಜೆ ನನ್ನ ಹೊಲಿಗೆ ಯಂತ್ರದ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದಳು. "ಅಮ್ಮಾ, ನೀನು ಅಧಿಕಾರಿ. ಮುಖ ಗಂಟು ಹಾಕ್ಕೋ" ಎನ್ನುವಳು. "ನಿನ್ನ ಸಾಕಿ ಸಾಕಾಗಿ ಗಂಟು ಆಗ್ಲೇ ಬಿದ್ದಿದೆ, ಇನ್ನೇನ್ ಹಾಕ್ಕೊಳ್ಲಿ?" ಎನ್ನುವೆ. ತಮ್ಮ ತರಬೇತುದಾರರು ಹೇಳಿಕೊಟ್ಟಿದ್ದರಂತೆ: ಊಹೆ ಬೇಡ, ನಿಮ್ಮ ಮನೆಯ ಕಥೆಯನ್ನೇ ಹೇಳಿ. ಅಧಿಕಾರಿ ಮರುಪ್ರಶ್ನೆ ಕೇಳಿದರೆ ಅವರಿಗೆ ಆಸಕ್ತಿ ಹುಟ್ಟಿತು, ನೀವು ಗೆದ್ದಿರಿ ಎಂದು ತಿಳಿಯಿರಿ. ಸಂಕೋಚವಿಲ್ಲದೆ ವಿವರ ಕೊಡಿ. ಆ ಮಹಾನುಭಾವರ ಬಾಯಿಗೆ ಸಕ್ಕರೆ ಹಾಕಬೇಕು.

ಮನೆಯ ಕಥೆ ಎಂದರೆ ನನ್ನ ನಾದಿನಿಯದು. ನನಗೂ ಅವಳಿಗೂ ಎಣ್ಣೆ ಸೀಗೆಕಾಯಿ, ಅದು ಬೇರೆ ಮಾತು. ಆದರೆ ಕಾಲುವೆ ಪಕ್ಕದ ತುಂಡು ನೆಲದಲ್ಲಿ ಅವಳು ಬೆಳೆಯುವ ಸೊಪ್ಪಿಗೆ ನಾನೂ ಹೆಸರಿಡಲಾರೆ. ತಮ್ಮ ನಿಯಮದ ಪ್ರಕಾರ ಶಾಲೆಯ ಅಡುಗೆಮನೆ ಅನುಮೋದಿತ ಗುತ್ತಿಗೆದಾರನ ತರಕಾರಿಯನ್ನೇ ಕೊಳ್ಳಬೇಕು. ಅದು ಎಲ್ಲಿಂದಲೋ ಲಾರಿಯಲ್ಲಿ ಬೆವತು, ಬಾಡಿ, ಅರ್ಧ ಕೊಳೆತು ಬರುತ್ತಿತ್ತು. ಮಕ್ಕಳು ತಟ್ಟೆಯಲ್ಲೇ ಬಿಟ್ಟು ಏಳುವುದನ್ನು ನೋಡಲಾಗದೆ ಅಡುಗೆಯವಳು ಹಿಂದಿನ ಗೇಟು ತೆರೆದು ನಾದಿನಿಯ ಸೊಪ್ಪು ತರಿಸತೊಡಗಿದಳು. ಹಾಡುಹಗಲಲ್ಲೇ ನಡೆಯುತ್ತಿತ್ತು. ತಟ್ಟೆಗಳು ಖಾಲಿಯಾದವು, ನಾದಿನಿಯ ಮನೆಯ ಒಲೆಯೂ ಆ ಗೇಟಿನಿಂದಲೇ ಉರಿಯತೊಡಗಿತು. ಅವಳಿಗೆ ಬೇರೆ ಗಿರಾಕಿ ಇರಲಿಲ್ಲ.

ಶಿಬಿರದ ಕೊನೆಗೆ, ಮಕ್ಕಳು ತಮ್ಮೆದುರು ಅಹವಾಲು ಹೇಳುವ ದಿನ, ಮಗಳು ಇದನ್ನೇ ಹೇಳಿದಳು. ಸಭಾಂಗಣ ಚಪ್ಪಾಳೆ ತಟ್ಟಿತು. ತಾವು ಮೈಕಿನತ್ತ ಬಾಗಿ, ಹಾಲು ಕುಡಿದ ಬೆಕ್ಕಿನಂತೆ ಕಣ್ಣು ಕಿರಿದು ಮಾಡಿ ಕೇಳಿದಿರಿ:

"ಎಷ್ಟ್ ಚೆನ್ನಾಗಿ ಮಾತಾಡ್ತೀಯಮ್ಮಾ! ಯಾವ ಗೇಟು ಅಂದೆ?"

"ಹಿಂದಿನ್ದು ಸರ್, ಸೈಕಲ್ ಸ್ಟ್ಯಾಂಡ್ ಪಕ್ಕ."

"ಬೀಗ ಯಾರು ತೆಗೀತಾರೆ?"

"ಅಡುಗೆ ಆಂಟೀನೇ ಸರ್."

"ಭೇಷ್! ಗಿಡಕ್ಕೆ ನೀರು ಎಲ್ಲಿಂದ ಬಿಡ್ತಾರೆ ನಿಮ್ಮತ್ತೆ?"

"ಕಾಲುವೆಗೆ ಪಂಪ್ ಇಟ್ಟಿದಾರೆ ಸರ್."

ಪಕ್ಕದಲ್ಲಿ ಕೂತವರು ಬರೆದುಕೊಳ್ಳುತ್ತಿದ್ದರು. ಮಗಳು ಹಿಂದಿನ ಸಾಲಿನಲ್ಲಿದ್ದ ನನ್ನತ್ತ ತಿರುಗಿ, ಗೆದ್ದೆವು ಎಂಬಂತೆ ನಕ್ಕಳು. ಪ್ರಶ್ನೆಯ ಮೇಲೆ ಪ್ರಶ್ನೆ ಬಂದಿತ್ತಲ್ಲ! 'ಅತ್ಯುತ್ತಮ ವಾದ' ಎಂಬ ಫಲಕವನ್ನು ತಾವೇ ಕೊಟ್ಟು, ತಲೆ ಸವರಿ, ಫೋಟೋಗೆ ನಿಂತಿರಿ.

ಅದೇ ವಾರ ಗೇಟಿಗೆ ಸರಪಳಿ ಬಿತ್ತು. 'ಅನಧಿಕೃತ ಮೂಲದ ಆಹಾರ'ದ ಆರೋಪದ ಮೇಲೆ ಅಡುಗೆಯವಳನ್ನು ಮನೆಗೆ ಕಳಿಸಿದಿರಿ. ಕಾಲುವೆ ನೀರೆತ್ತಲು ಅನುಮತಿಯಿಲ್ಲವೆಂದು ನಾದಿನಿಯ ಪಂಪನ್ನು ಹೊತ್ತೊಯ್ದಿರಿ. ನೋಟೀಸಿನಲ್ಲಿ ಏನು ಬರೆಸಿದ್ದೀರಿ, ನೆನಪಿದೆಯೇ? 'ವಿದ್ಯಾರ್ಥಿನಿಯು ಸ್ವಯಂಪ್ರೇರಿತವಾಗಿ ತಿಳಿಸಿದಂತೆ.' ಸ್ವಯಂಪ್ರೇರಿತವಾಗಿ! ಮೀನು ಹಿಡಿಯುವವನು ಎರೆಹುಳಕ್ಕೆ ಪ್ರಶಸ್ತಿ ಕೊಟ್ಟದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ನಿಯಮ ಮುರಿದದ್ದು ಸುಳ್ಳೆಂದು ನಾನು ವಾದಿಸುವುದಿಲ್ಲ. ಆದರೆ ಆ ನಿಯಮ ಬದಲಿಸಿ ಎಂದು ಕೇಳಲಿಕ್ಕೇ ತಾನೇ ಮಕ್ಕಳನ್ನು ಕರೆದದ್ದು? ಕೊಳೆತದ್ದಕ್ಕೆ ಅನುಮೋದನೆ, ಹಸಿರಾಗಿದ್ದದ್ದಕ್ಕೆ ನೋಟೀಸು. ತಮ್ಮ ಮನೆಯ ಅಡುಗೆಗೂ ಆ ಗುತ್ತಿಗೆದಾರನ ಲಾರಿಯೇ ಬರುತ್ತದೆಯೇ, ಅಥವಾ ತಮಗೆ ಮಾತ್ರ ತಾಜಾ ತರಕಾರಿ ಸೇರುತ್ತದೆಯೇ? ಮಕ್ಕಳ ಬಾಯಿಂದ ಮಾಹಿತಿ ಕೀಳುವುದೇ ಉದ್ದೇಶವಾಗಿದ್ದರೆ ಶಿಬಿರ, ಬ್ಯಾನರು, ಬಿಸ್ಕತ್ತು ಎಲ್ಲ ಯಾಕೆ ಬೇಕಿತ್ತು? ಒಂದು ಲಾಠಿ ಸಾಕಿತ್ತು. ಅದರಲ್ಲಿ ಸ್ವಲ್ಪ ಪ್ರಾಮಾಣಿಕತೆಯಾದರೂ ಇರುತ್ತಿತ್ತು.

ನಾದಿನಿ ಬಂದು ಮನೆ ಹಾರಿಹೋಗುವಂತೆ ಕೂಗಾಡುತ್ತಾಳೆಂದು ಕಾದಿದ್ದೆ. ಅವಳಿಗೆ ಅದು ಬರುತ್ತದೆ, ನನಗೆ ಅನುಭವವಿದೆ. ಬಂದವಳು ಬಟ್ಟೆ ರಾಶಿಯ ಪಕ್ಕ ಕೂತಳು. ಬಾಗಿಲ ಹಿಂದೆ ಅಡಗಿದ್ದ ಮಗಳಿಗೆ, "ನೀ ಏನೂ ಸುಳ್ಳು ಹೇಳಿಲ್ಲ ಬಿಡು ಮಗಾ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಆದ್ರೂ ನನ್ನನ್ನ ಒಂದ್ ಮಾತು ಕೇಳ್ಬೋದಿತ್ತಲ್ಲಾ ಅತ್ತಿಗೇ" ಎಂದಳು. ಕೊಟ್ಟ ನೀರನ್ನೂ ಕುಡಿಯದೆ ಎದ್ದುಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂದಿನಿಂದ ನನ್ನ ಮಗಳು ಬಾಯಿ ಬಿಡುವುದಿಲ್ಲ. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲವಂತೆ. ಪಕ್ಕದ ಮನೆಯ ಅಜ್ಜಿ "ಎಲ್ಲಿಗ್ ಹೊರಟೆ ಪುಟ್ಟೀ?" ಎಂದರೆ "ಎಲ್ಲೂ ಇಲ್ಲ" ಎನ್ನುತ್ತಾಳೆ, ಚಪ್ಪಲಿ ಮೆಟ್ಟಿಕೊಂಡೇ. ಮನೆ ತುಂಬ ವಟವಟ ಎನ್ನುತ್ತಿದ್ದ ಹುಡುಗಿ ಅದು. ಆಗ "ಸ್ವಲ್ಪ ಸುಮ್ನಿರೇ" ಎಂದು ಗದರುತ್ತಿದ್ದೆ. ಈಗ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ನಿನ್ನೆ ತಮ್ಮ ಕಚೇರಿಯಿಂದ ಫೋನು ಬಂತು. ಮುಂದಿನ ಶಿಬಿರಕ್ಕೆ ಇವಳು 'ಮಾದರಿ ವಿದ್ಯಾರ್ಥಿನಿ'ಯಾಗಿ ಬಂದು ಹೊಸ ಮಕ್ಕಳಿಗೆ ಕಲಿಸಬೇಕಂತೆ! ತಮಗೆ ನಾಚಿಕೆ ಎಂಬುದು ಹುಟ್ಟಿನಿಂದಲೇ ಇಲ್ಲವೋ, ಕೆಲಸಕ್ಕೆ ಸೇರುವಾಗ ಬಿಟ್ಟಿರೋ? ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಮಗಳು ಫೋನು ಕಿತ್ತುಕೊಂಡು "ಬರ್ತೀನಿ" ಎಂದಳು.

"ಹೋಗಿ ಏನೇ ಕಲಿಸ್ತೀಯಾ?" ಎಂದೆ.

"ಪ್ರಶ್ನೆ ಕೇಳಿದ್ರೆ ಏನ್ ಮಾಡ್ಬೇಕು ಅಂತ."

ಆದ್ದರಿಂದ ಮಾನ್ಯರೇ, ಆ ದಿನ ಬರುವುದರೊಳಗೆ ಗೇಟಿನ ಸರಪಳಿ ತೆಗೆಸಿ. ಅಡುಗೆಯವಳನ್ನು ಮರಳಿ ಕರೆಯಿರಿ. ಪಂಪನ್ನು ತಮ್ಮ ವಾಹನದಲ್ಲೇ ತಂದು ಇದ್ದಲ್ಲಿ ಇಡಿಸಿ. ಮಕ್ಕಳು ಕೇಳಿದ ಆ ನಿಯಮವನ್ನು ಬದಲಿಸಿ. ಇಲ್ಲದಿದ್ದರೆ ಅವಳು ಬಂದೇ ಬರುತ್ತಾಳೆ, ಚೆನ್ನಾಗಿಯೇ ಕಲಿಸುತ್ತಾಳೆ. ತಮ್ಮದೇ ಫಲಕ ಅದಕ್ಕೆ ಸಾಕ್ಷಿ. ಆಮೇಲೆ ಸಭಾಂಗಣ ತುಂಬ ಮಕ್ಕಳು ಕೂತಿರುತ್ತಾರೆ. ತಾವು ಮೈಕಿನತ್ತ ಬಾಗಿ ಏನು ಕೇಳಿದರೂ, ಒಂದೇ ಒಂದು ಮಗುವೂ ಉತ್ತರ ಕೊಡುವುದಿಲ್ಲ.

ಇಂತಿ,
ಯಾವ ಬೀದಿ, ಯಾವ ಮನೆ ಎಂದು ಎಷ್ಟೇ ಸವಿಯಾಗಿ ಕೇಳಿದರೂ
ಇನ್ನು ಮೇಲೆ ಹೇಳದ ಒಬ್ಬ ದರ್ಜಿ ಹೆಂಗಸು