ಹೊಟ್ಟೆ ತುಂಬಿ ಸತ್ತ ಹುಳಗಳು

ಮಾರ್ಚ್ ಹದಿನಾಲ್ಕು, ಬೆಳಿಗ್ಗೆ

ನಮ್ಮ ಮನೆಯವರಿಗೆ,

ಮನೆ ಬಿಟ್ಟು ಎರಡು ವರ್ಷವಾದವರನ್ನು ‘ಮನೆಯವರು’ ಎನ್ನುವುದು ತಮಾಷೆಯಾಗಿ ಕಾಣಬಹುದು. ಬೇರೆ ಹೇಗೂ ಕರೆದು ನನಗೆ ರೂಢಿಯಿಲ್ಲ. ಫೋನು ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೂ ಇದು ಫೋನಿನಲ್ಲಿ ಆಡುವ ಮಾತಲ್ಲ. ದಯವಿಟ್ಟು ಪೂರ್ತಿ ಓದಿ.

ನೀವು ಹೋದ ಮೇಲೆ ಹಸಿರುಮನೆಯಲ್ಲಿ ಒಂದು ಹನಿ ಔಷಧವನ್ನೂ ಹೊಡೆದಿಲ್ಲ. ದೊಣ್ಣೆಮೆಣಸಿನ ಗಿಡಕ್ಕೆ ಹೇನು ಹತ್ತಿದರೆ ಅದನ್ನು ತಿನ್ನುವ ಗುಲಗಂಜಿ ಹುಳ ತರಿಸಿ ಬಿಡುತ್ತೇನೆ. ಹೊಟ್ಟು ತುಂಬಿದ ಡಬ್ಬಿಗಳಲ್ಲಿ ಬರುತ್ತವೆ, ಬಿಸಿಲು ಇಳಿಯುವವರೆಗೂ ತಣ್ಣಗಿಡಬೇಕು. ಫ್ರಿಜ್ಜಿನಲ್ಲಿಟ್ಟರೆ ಅತ್ತೆ, ಹಾಲಿನ ಪಕ್ಕದಲ್ಲಿ ಹುಳ ಇಡುವ ಸೊಸೆ ತನಗೇ ಸಿಗಬೇಕಿತ್ತೇ ಎಂದು ಗೊಣಗುತ್ತಿದ್ದರು. ಆದರೂ ಸಂಜೆ ಎಲೆಗಳಿಗೆ ನೀರು ಚಿಮುಕಿಸಿ ಡಬ್ಬಿ ಬಿಚ್ಚುವ ಹೊತ್ತಿಗೆ ಅವರೇ ಮುಂದೆ. ಎಲೆಯ ಮೇಲೆ ಹುಳಗಳನ್ನು ಒಂದೊಂದಾಗಿ ಉದುರಿಸಿ, “ಹೋಗು, ಹೊಟ್ಟೆ ತುಂಬಾ ತಿನ್ನು” ಎಂದು ಮೊಮ್ಮಕ್ಕಳಿಗೆ ಹೇಳಿದ ಹಾಗೆ ಹೇಳುತ್ತಿದ್ದರು.

ಮೊದಲ ವರ್ಷ ಎಲ್ಲವೂ ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನಡೆಯಿತು. ಹೇನು ಕಂಡ ಹತ್ತು ಹದಿನೈದು ದಿನಗಳಲ್ಲಿ ಎಲೆ ಒರೆಸಿಟ್ಟ ಹಾಗಾಗುತ್ತಿತ್ತು. ಈ ಜನವರಿಯಲ್ಲಿ ಮಾತ್ರ ಬಿಟ್ಟ ಹುಳಗಳು ನಾಲ್ಕೇ ದಿನಕ್ಕೆ ಸತ್ತವು. ಮೊದಲು ಬಾವಿಯ ಕಡೆಯ ಸಾಲಿನಲ್ಲಿ. ಎಲೆಯ ಕೆಳಗೆ ಅಂಗಾತ ಬಿದ್ದು, ಕಾಲು ಮಡಚಿಕೊಂಡು. ಮುಂದಿನ ವಾರ ಅದರ ಪಕ್ಕದ ಎರಡು ಸಾಲು. ಆಮೇಲೆ ನಡುವಿನ ಸಾಲುಗಳು. ದಿನಾ ಬೆಳಿಗ್ಗೆ ಬಾಗಿಲು ತೆಗೆಯುವಾಗ ಇವತ್ತು ಎಲ್ಲಿಯವರೆಗೆ ಬಂದಿದೆ ಎಂದೇ ನೋಡುತ್ತಿದ್ದೆ. ವಿಚಿತ್ರವೆಂದರೆ ಹೇನುಗಳಿಗೆ ಏನೂ ಆಗಿರಲಿಲ್ಲ. ಚಿಗುರಿನ ತುಂಬ ಕಿಕ್ಕಿರಿದು ಕೂತಿದ್ದವು.

ಹುಳವೇ ಸರಿಯಿಲ್ಲ ಎಂದು ಮಾರಿದವರಿಗೆ ಖಾರವಾಗಿ ಬರೆದೆ. ಬೇರೆ ಹುಳ ಕಳಿಸಿದರು, ಅವೂ ಸತ್ತವು. ಮೂರನೇ ಸಲ ಹುಳ ಸಾಕುವ ಹೆಂಗಸೇ ಬಂದಳು. ನಮ್ಮ ಅತ್ತೆ ಅವಳಿಗೆ ‘ಹುಳದಮ್ಮ’ ಎಂದು ಹೆಸರಿಟ್ಟಿದ್ದಾರೆ. ಒಳ್ಳೆಯವಳು, ಮಾತು ಕಡಿಮೆ. ಒಂದು ಗಂಟೆ ಮಂಡಿಯೂರಿ ಕೂತು ಸತ್ತವುಗಳನ್ನು ಭೂತಗನ್ನಡಿಯಲ್ಲಿ ನೋಡಿದಳು. ಎದ್ದಾಗ ಅವಳ ಮುಖ ಬೇರೆಯೇ ಆಗಿತ್ತು.

“ಇವು ಹಸಿವಿಂದ ಸತ್ತಿಲ್ಲ, ಹೊಟ್ಟೆ ತುಂಬಾ ತಿಂದು ಸತ್ತಿವೆ” ಎಂದಳು. “ಮೊದಲು ಇಲ್ಲಿ ಯಾವ ಔಷಧ ಹೊಡೀತಿದ್ರಿ?”

ಹೇಳಿದೆ. ಆ ಔಷಧಕ್ಕೆ ನಮ್ಮ ಹೇನುಗಳು ಒಗ್ಗಿಹೋಗಿದ್ದವು, ಅದಕ್ಕೇ ಅಲ್ಲವೇ ನಾವು ಹುಳದ ದಾರಿ ಹಿಡಿದದ್ದು. ಅವಳು ತಲೆಯಾಡಿಸಿದಳು. ಗಿಡ ಅದನ್ನು ಬೇರಿನಿಂದ ಹೀರುತ್ತದೆ, ಹೇನು ರಸದಲ್ಲಿ ಕುಡಿಯುತ್ತದೆ, ಅದಕ್ಕೇನೂ ಆಗುವುದಿಲ್ಲ, ಹೇನನ್ನು ತಿಂದದ್ದು ಸಾಯುತ್ತದೆ ಎಂದು ವಿವರಿಸಿದಳು. ಎರಡು ವರ್ಷದಿಂದ ಹೊಡೆದೇ ಇಲ್ಲವಲ್ಲ ಎಂದೆ. ಅವಳು ಹನಿ ನೀರಾವರಿಯ ಕೊಳವೆಯನ್ನು ಕಣ್ಣಲ್ಲೇ ಹಿಂಬಾಲಿಸಿ ಬಾವಿಯವರೆಗೆ ನಡೆದುಹೋದಳು. ಅಷ್ಟರಲ್ಲಿ ಅತ್ತೆ ಅವಳಿಗೆಂದು ಲೋಟದಲ್ಲಿ ನೀರು ತಂದರು.

ಹುಳದಮ್ಮ ಲೋಟ ತೆಗೆದುಕೊಂಡಳು. ಕುಡಿಯಲಿಲ್ಲ. ಬಾವಿಕಟ್ಟೆಯ ಮೇಲೆ ಮೆಲ್ಲಗೆ ಇಟ್ಟು, “ಈ ನೀರು ನೀವೂ ಕುಡೀತೀರಾ?” ಎಂದು ಕೇಳಿದಳು.

ಎರಡು ಬಾಟಲಿ ನೀರನ್ನು ಪರೀಕ್ಷೆಗೆ ಕಳಿಸಿದೆ. ವರದಿ ಬಂದಿದೆ. ಅದೇ ಔಷಧ.

ಈಗ ಮಾತಾಡುವ ಸರದಿ ನನ್ನದು. ಔಷಧ ಬಿಟ್ಟು ಹುಳದ ಬೇಸಾಯ ಮಾಡುವ ಯೋಜನೆಗೆ ನಮ್ಮ ಹೆಸರು ಬರೆಸಿದ ವರ್ಷ, ಉಳಿದ ಔಷಧದ ತಗಡಿನ ಡಬ್ಬಗಳನ್ನು ಅಂಗಡಿಗೆ ವಾಪಸು ಕೊಟ್ಟೆ ಎಂದಿರಿ. ಅಂಗಡಿಯವರು ತೆಗೆದುಕೊಳ್ಳುವುದಿಲ್ಲ ಎಂದು ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದೇ ವಾರ ಬಾವಿಯ ಪಕ್ಕದ ಪಂಪ್‌ಮನೆಯ ಹಿಂದೆ ನೀರಿನ ತೊಟ್ಟಿಗೆಂದು ಕಾಂಕ್ರೀಟು ಹಾಕಿಸಿದಿರಿ. ಹಾಕಿಸುವ ಮುನ್ನ ನೀವೊಬ್ಬರೇ ಗುಂಡಿ ತೋಡಿದಿರಿ. ಊಟಕ್ಕೆ ಕರೆಯಲು ಬಂದವಳು ಮೂಲೆಯಲ್ಲೇ ನಿಂತು ನೋಡಿ, ಏನೂ ಕಾಣದವಳ ಹಾಗೆ ಒಳಗೆ ಹೋದೆ. ಮರುದಿನ ಯೋಜನೆಯವರು ಕೇಳಿದ ‘ಡಬ್ಬಗಳನ್ನು ಹಿಂದಿರುಗಿಸಲಾಗಿದೆ’ ಎಂಬ ಕಾಗದಕ್ಕೆ ನಿಮ್ಮ ಸಹಿಯ ಕೆಳಗೆ ನಾನೂ ಸಹಿ ಹಾಕಿದೆ. ಅಲ್ಲಿಂದ ಮುಂದೆ ನಾವಿಬ್ಬರೂ ಜಗಳವಾಡಿದ್ದೆಲ್ಲ ಬೇರೆ ವಿಷಯಕ್ಕೆ: ಉಪ್ಪಿಗೆ, ಬಾಗಿಲು ಜೋರಾಗಿ ಹಾಕಿದ್ದಕ್ಕೆ, ನನ್ನ ಅಕ್ಕ ಬಂದದ್ದಕ್ಕೆ. ಆ ಒಂದು ಮಾತನ್ನು ಮಾತ್ರ ಇಬ್ಬರೂ ಆಡಲಿಲ್ಲ. ಯಾಕೆ ಬಿಟ್ಟು ಹೋದರು ಎಂದು ಕೇಳಿದವರಿಗೆಲ್ಲ ಸ್ವಭಾವ ಹೊಂದಲಿಲ್ಲ ಎನ್ನುತ್ತೇನೆ. ನಿಜ ಹೇಳಬೇಕೆಂದರೆ ನಮ್ಮ ಸ್ವಭಾವ ಚೆನ್ನಾಗಿಯೇ ಹೊಂದಿತ್ತು.

ಕಳೆದ ಮಳೆಗಾಲದಲ್ಲಿ ಬಾವಿ ಕಟ್ಟೆಯವರೆಗೆ ತುಂಬಿತ್ತು. ಬಹುಶಃ ಆಗಲೇ ತಗಡು ತೂತಾಗಿರಬೇಕು.

ಅತ್ತೆಯ ವಿಷಯ ಬರೆಯದೆ ವಿಧಿಯಿಲ್ಲ. ಸಂಕ್ಷೇಪವಾಗಿ ಬರೆಯುತ್ತೇನೆ. ಡಿಸೆಂಬರಿನಿಂದ ಅವರ ಕೈ ನಡುಗುತ್ತಿದೆ. ಸೂಜಿಗೆ ದಾರ ಪೋಣಿಸಲಾಗುವುದಿಲ್ಲ. ಒಮ್ಮೊಮ್ಮೆ ನಡುವಾಕ್ಯದಲ್ಲಿ ಮಾತು ನಿಲ್ಲಿಸಿ ನನ್ನನ್ನು ದಿಟ್ಟಿಸುತ್ತಾರೆ. ವಯಸ್ಸು ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಡಾಕ್ಟರು ರಕ್ತ ತೆಗೆದುಕೊಂಡಿದ್ದಾರೆ. ನೀರಿನಿಂದಲೇ ಎಂದು ಹೇಳಲಾಗದು, ಅಲ್ಲ ಎಂದೂ ಹೇಳಲಾಗದು ಎನ್ನುತ್ತಾರೆ. ನಿನ್ನೆ ಅತ್ತೆ, “ಹುಳ ಯಾಕೆ ಸತ್ವು ಅಂತ ಗೊತ್ತಾಯ್ತಾ?” ಎಂದು ಕೇಳಿದರು. ಚಳಿಗೆ ಎಂದೆ.

ನೀವು ಹೋದ ಮೇಲೆ ಒಂದು ಬದಲಾವಣೆಯಾಗಿದೆ, ನಿಮಗೆ ತಿಳಿಯದು. ನಮ್ಮ ಬೀದಿಯ ಕೆಳಗಿನ ನಾಲ್ಕು ಮನೆಗಳಿಗೆ ನೀರಿನ ತೊಂದರೆಯಾದಾಗ ನಮ್ಮ ಬಾವಿಯಿಂದಲೇ ಕೊಳಾಯಿ ಕೊಟ್ಟೆ. ಪುಣ್ಯದ ಕೆಲಸವೆಂದು ಅತ್ತೆ ತುಂಬ ಹಿಗ್ಗಿದ್ದರು.

ಈಗ ನೀವು ಮಾಡಬೇಕಾದ್ದು ಇಷ್ಟೇ. ಕಾಗದ ತಲುಪಿದ ಕೂಡಲೇ ಹೊರಟು ಬನ್ನಿ. ಡಬ್ಬ ಎಷ್ಟು, ಎಷ್ಟು ಆಳದಲ್ಲಿವೆ, ಬೇರೆಲ್ಲಾದರೂ ಹೂತಿದ್ದೀರಾ ಎಂಬುದನ್ನು ನೀವೊಬ್ಬರೇ ಹೇಳಬಲ್ಲಿರಿ. ಕಾಂಕ್ರೀಟು ಒಡೆಯುವವರಿಗೆ ಹೇಳಿದ್ದೇನೆ, ಆದರೆ ಗೊತ್ತಿಲ್ಲದೆ ಹಾರೆ ಹಾಕಿದರೆ ಉಳಿದ ಡಬ್ಬಗಳೂ ಒಡೆದಾವು. ನನ್ನ ಮೇಲೆ ಕೋಪವಿದ್ದರೆ ಇರಲಿ. ಅಮ್ಮನನ್ನು ನೋಡಲೆಂದಾದರೂ ಬನ್ನಿ. ಅವರಿಗೆ ನಿಮ್ಮ ಗುರುತು ಸಿಗುವಾಗಲೇ ಬನ್ನಿ.

ಇಂತು,
ನಿಮ್ಮ ಸಹಿಯ ಕೆಳಗೆ ಸಹಿ ಹಾಕಿದವಳು

ಮತ್ತೆ, ಅದೇ ದಿನ ಮಧ್ಯಾಹ್ನ: ಲಕೋಟೆ ಅಂಟಿಸುವ ಮುನ್ನ ಇದನ್ನೂ ಸೇರಿಸುತ್ತಿದ್ದೇನೆ. ಈಗಷ್ಟೇ ಹೋಗಿ ನಾಲ್ಕು ಮನೆಗಳಿಗೂ ಹೇಳಿ ಬಂದೆ. ನೀರಿನಲ್ಲಿ ಔಷಧವಿದೆ, ಎಲ್ಲಿಂದ ಬಂತೋ ತಿಳಿಯದು ಎಂದೆ. ಮೂರು ಮನೆಯವರು ಬೈದರು. ಕೊನೆಯ ಮನೆಯ ಹುಡುಗಿ ಬೈಯಲಿಲ್ಲ. ಅವಳ ಸೊಂಟದ ಮೇಲೆ ಏಳು ತಿಂಗಳ ಕೂಸಿತ್ತು. “ನಿಮಗೆ ಯಾವತ್ತು ಗೊತ್ತಾಯ್ತು ಅಕ್ಕಾ?” ಎಂದಷ್ಟೇ ಕೇಳಿದಳು. ವರದಿ ಬಂದದ್ದು ಐದನೇ ತಾರೀಕು. ನಮ್ಮ ಅಡುಗೆಮನೆಗೆ ಅಂದೇ ಹೊರಗಿನ ನೀರು ತರಿಸಿದ್ದೆ. ಅವಳಿಗೆ, “ಇವತ್ತು ಬೆಳಿಗ್ಗೆ” ಎಂದೆ.