ವೇಗ ನುಂಗಿದ ಸಾಲುಗಳು

ಮಂಡ್ಯ, ನವೆಂಬರ್ ೧೪, ಶುಕ್ರವಾರ

ಇವತ್ತೂ ತಪ್ಪು ಸಿಗಲಿಲ್ಲ. ಕಣ್ಣು ಕಾಣದ ನಾಗಶ್ರೀಗೆಂದು ನಾನು ಬರೆದ ಪಾಠವನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಮು, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ನ ಆಪ್ಟಿಮೈಸೇಷನ್, ಅಂದರೆ ವೇಗ ಹೆಚ್ಚಿಸುವ ಮಟ್ಟ, ಸೊನ್ನೆಯಲ್ಲಿದ್ದರೆ ತೆವಳುತ್ತಾ ಸರಿಯಾಗಿ ಓದುತ್ತದೆ. ಎರಡಕ್ಕೆ ಏರಿಸಿದರೆ ಸರಾಗವಾಗಿ ಓದುತ್ತಾ ನಡುನಡುವೆ ಸಾಲುಗಳನ್ನೇ ನುಂಗುತ್ತದೆ. ಎಲ್ಲೆಂದು ನೋಡಲು, ನಡೆಯುತ್ತಿರುವುದನ್ನು ತೆರೆಯ ಮೇಲೆ ತೋರಿಸುವ ಒಂದು ಪ್ರಿಂಟ್ ಸಾಲು ಸೇರಿಸಿದರೆ, ತಪ್ಪು ಕಳ್ಳನಂತೆ ಅಡಗಿ ಮತ್ತೆ ಎಲ್ಲ ಸರಿ.

"ಕಂಪೈಲರ್‌ದೇ ತಪ್ಪು ಕಣಮ್ಮ. ನಿದಾನದ್ದೇ ಕೊಟ್ಬುಡು," ಅಂದ ಕೋಡಿಂಗ್ ಕಲಿಸಿದ ಪ್ರಸನ್ನ.

ಅಲ್ಲ. ತಪ್ಪು ಮೊದಲಿನಿಂದಲೂ ನನ್ನ ಕೋಡಿನಲ್ಲೇ ಇದೆ. ವೇಗ ಅದನ್ನು ಹೊರಗೆಳೆಯಿತಷ್ಟೇ. ನಿಧಾನದ್ದನ್ನೂ ಈಗ ನಂಬಲಾರೆ.

ಸೋಮವಾರ ಅವಳ ಪರೀಕ್ಷೆ. ಬೇರೆ ದಾರಿಯಿಲ್ಲದೆ ಸಂಜೆ ನಿಧಾನದ್ದನ್ನೇ ಕೊಟ್ಟೆ. "ಇದು ಓದಿದ್ನೇ ನಂಬ್ಕೊಂಡು ಬಾಯ್ಪಾಟ ಮಾಡ್ಕಳ್ಳಾ, ಅಕ್ಕ?" ಎಂದಳು. ಹೂಂ ಎನ್ನುವಂತೆ ತಲೆಯಾಡಿಸಿದೆ. ಅವಳಿಗದು ಕಾಣದೆಂದು ಹೊಳೆದು ಬಾಯಿ ತೆರೆಯುವಷ್ಟರಲ್ಲಿ ಅದು ಓದಿದ ಪದ್ಯವನ್ನು ಹೇಳಿಕೊಳ್ಳತೊಡಗಿದ್ದಳು. ಮೊದಲ ಸಾಲು ಸರಿಯಿತ್ತು. ಎರಡನೆಯದು ಇರಲೇ ಇಲ್ಲ, ನೇರ ಮೂರನೆಯದಕ್ಕೆ ಹೋಗಿದ್ದಳು.