ಹನ್ನೊಂದು ಮನಿ

ಸಂತಪುರ, ಮೇ ೯

ಶಿಬಿರ ಸಮಿತಿಯ ಅಧ್ಯಕ್ಷರಾದ ಧೊಂಡಿಬಾ ಕಾಕಾ ಅವರಿಗೆ ರಾಧಿಕಾಳ ನಮಸ್ಕಾರರಿ.

ಈ ವರ್ಷದ ಧರ್ಮಶಿಬಿರಕ್ಕೂ ನಮ್ಮೂರ ಮಕ್ಕಳನ್ನ ಕರ್ಕೊಂಡು ಬಾ ಅಂತ ಹೇಳಿ ಕಳಿಸೀರಿ. ನಾ ಬರಂಗಿಲ್ಲರಿ. ಹೋದ ವರ್ಷ ಶಿಬಿರದಾಗ ಪಾಠ ಹೇಳೋ ಗುರೂಜಿ ನನ್ನ ಮಗಳ ಮೈಮ್ಯಾಲೆ ಕೈ ಹಾಕಿದ್ದು ನಿಮ್ಮ ಮುಂದ ಅತ್ತು ಹೇಳಿದ್ದೆ. "ಹುಡುಗಿ ಹೆಸರು ಕೆಡ್ತದ, ಬಾಯಿ ಬಿಡಬ್ಯಾಡವ್ವಾ. ಅವನ್ನ ಬ್ಯಾರೆ ಕಡಿ ಕಳಿಸ್ತೇವಿ" ಅಂದ್ರಿ. ನಾನೂ ಸುಮ್ಮನಾದೆ. ಈಗ ಅಂವ ಭಾಲ್ಕಿ ಕಡಿ ಇನ್ನೊಂದು ಶಿಬಿರದಾಗ ಮಕ್ಕಳಿಗೆ ಪಾಠ ಹೇಳ್ತಾನಂತ.

ನಿನ್ನೆ ಬೀದರಕ್ಕ ಹೋಗಿ ಪೊಲೀಸರಿಗೆ ದೂರು ಕೊಟ್ಟು ಬಂದೀನಿ. ನಿಮ್ಮ ಹೆಸರು ಬರಸೀನಿ. ಗೊತ್ತಿದ್ದೂ ಒಂದು ವರ್ಷ ಸುಮ್ಮನಿದ್ದೆ ಅಂತ ನನ್ನ ಹೆಸರೂ ಬರಸೀನಿ. ಪೊಲೀಸರು ಶಿಬಿರದ ಹಾಜರಿ ಪುಸ್ತಕ ಕೇಳ್ತಾರ, ಕಳದದ ಅನ್ನಬ್ಯಾಡ್ರಿ, ಕೊಡ್ರಿ.

ನಾ ಶಿಬಿರಕ್ಕ ಕರ್ಕೊಂಡು ಬಂದಿದ್ದ ಹನ್ನೊಂದು ಮಕ್ಕಳ ಮನಿಗೂ ಹೋಗಿ ನಡದದ್ದು ಹೇಳ್ಬೇಕಂತ ಮಾಡೀನಿ. ಇವತ್ತ ಮೂರೇ ಮನಿ ಆದವು. ಮೂರನೇ ಮನ್ಯಾಗ ತಾಯಿ ನನ್ನ ಮಾತು ಕೇಳಿ ಬಾಗಿಲು ಹಾಕ್ಕೊಂಡ್ಳು. ನಾ ಮೆಟ್ಟಲ ಇಳಿಯೋವಾಗ ಅವಳ ಮಗಳು ಒಳಗಿಂದ ಕೂಗಿದ್ಳರಿ, "ರಾಧಿಕಾ ಮಾವಶಿ, ಹೋಗಬ್ಯಾಡ್ರಿ."

ಇಷ್ಟೇ ಬರಿಯೋದಿತ್ತರಿ.

ರಾಧಿಕಾ